ನೇರಳೆ ಜಾಕೆಟ್ಟಿನ ಹೆಂಗಸರು

ಸುದ್ದಿ ಮೊದಲು, ಹಿಂದಿನ ಕತೆ ಆಮೇಲೆ. ನನ್ನ ಮೊಮ್ಮಗಳು ತಾರಾ ಸೊರೊರಿಟಿ ಅನ್ನೋ ಹೆಣ್ಣುಮಕ್ಕಳ ಸಂಘ ಸೇರಿದಳು. ಕಳೆದ ಶನಿವಾರ ವಾಷಿಂಗ್ಟನ್‌ನಲ್ಲಿ, ಅವಳ ಕಾಲೇಜಿನ ಅಂಗಳದಲ್ಲಿ, ಅಷ್ಟೊಂದು ಜನರ ಎದುರಿಗೆ ಮುಖದ ಮುಸುಕು ತೆಗೆದು ತನ್ನ ಹೆಸರು ಹೇಳಿಕೊಂಡಳು. ನಾನು ಕಣ್ಣಾರೆ ನೋಡಿದೆ. ಅವತ್ತಿಂದ ನನ್ನ ಕಾಲು ನೆಲದ ಮೇಲೆ ನಿಲ್ತಿಲ್ಲ. ಮಂಡಿನೋವಿನ ಹೆಂಗಸು ಈ ಮಾತು ಹೇಳಿದರೆ ನೀವು ನಂಬಲೇಬೇಕು.

ಮಾರನೇ ದಿನವೇ ಮೈಸೂರುಪಾಕು ಮಾಡಿ ಹಂಚಿದೆ. ನಮ್ಮ ಹರ್ನ್‌ಡನ್ ಊರಿನ ಟೌನ್‌ಹೌಸ್ ಸಾಲಿನಲ್ಲಿ ಯಾರ ಮನೆ ಬಾಗಿಲು ತೆಗೆದರೂ ಸರಿ, ತಟ್ಟೆ ಹಿಡಿದು ನಿಂತೆ. ಟಪಾಲು ತರೋ ಹೆಂಗಸಿಗೆ ಸೋಮವಾರ ಕೊಟ್ಟೆ. ಅವಳು ಬ್ಲ್ಯಾಕ್. ವಿಷಯ ಕೇಳಿದ ಕೂಡಲೆ ಬ್ಯಾಗು ಕೆಳಗಿಟ್ಟು, ನನ್ನ ಕೈ ಹಿಡಿದುಕೊಂಡು, "ಯಾವ ಸೊರೊರಿಟಿ, ಹೇಳಿ" ಅಂದಳು. ಹೇಳಿದೆ. "ನಮ್ಮ ಚಿಕ್ಕಮ್ಮ ಅದರಲ್ಲೇ ಇದ್ದಾರೆ" ಅಂದಳು. ಅವಳ ಕಣ್ಣಲ್ಲೂ ನೀರು, ನನ್ನ ಕಣ್ಣಲ್ಲೂ ನೀರು. ಇಬ್ಬರ ಕೈಗೂ ತುಪ್ಪ.

ನಮ್ಮ ಕನ್ನಡದವರ ಫೋನ್ ಗ್ರೂಪಿನಲ್ಲೂ ಫೋಟೊ ಹಾಕಿಸಿದ್ದೆ. ಯಾರ ಮಗುವಾದರೂ ಸ್ಪೆಲ್ಲಿಂಗ್ ಸ್ಪರ್ಧೆಯಲ್ಲಿ ಗೆದ್ದರೆ ಅಲ್ಲಿ ಹೂವಿನ ಮಳೆ. ಮೆಡಿಕಲ್ ಸೀಟು ಸಿಕ್ಕರೆ ಪಟಾಕಿ. ನನ್ನ ಮೊಮ್ಮಗಳಿಗೆ? ಎಲ್ಲೋ ನಾಲ್ಕು ಹೆಬ್ಬೆರಳು. ಅದರಲ್ಲಿ ಒಂದು ನನ್ನದೇ.

ಸಂಜೆ ವನಜಾಕ್ಷಿ ಫೋನ್ ಮಾಡಿದರು. ಒಳ್ಳೆ ಹೆಂಗಸು, ನಮ್ಮ ಸಂಘದವರು. ನನ್ನ ಮಂಡಿಗೆ ಊರಿಂದ ಎಣ್ಣೆ ತಂದುಕೊಟ್ಟವರು.

"ಪುಟ್ಟಮ್ಮನೋರೆ, ತಪ್ಪು ತಿಳ್ಕೋಬೇಡಿ. ಅದು ಸ್ವಲ್ಪ ಗ್ಯಾಂಗ್ ಥರ ಅಲ್ವಾ?"

"ಯಾವುದು?"

"ಅದೇ, ತಾರಾ ಸೇರಿರೋದು. ಎಲ್ಲರಿಗೂ ಒಂದೇ ಬಣ್ಣದ ಜಾಕೆಟ್ಟು, ಕೈಯಲ್ಲಿ ಏನೋ ಸನ್ನೆ, ಕೂಗಾಟ. ನಾನು ವಿಡಿಯೊ ನೋಡಿದೀನಿ. ನಮ್ಮ ಹುಡುಗ ಹೇಳ್ತಿದ್ದ, ಬರೀ ಪಾರ್ಟಿಯಂತೆ, ಕುಣಿತವಂತೆ. ಹೊಸಬರನ್ನ ಹೊಡೀತಾರಂತೆ. ಅಷ್ಟು ಚೆನ್ನಾಗಿ ಓದೋ ಹುಡುಗಿ ಯಾಕೆ ಅಂತ."

"ಆ ಜಾಕೆಟ್ ಹಾಕಿರೋ ಒಬ್ಬರನ್ನಾದ್ರೂ ಮಾತಾಡಿಸಿದೀರಾ ವನಜಾಕ್ಷಿ?"

"ಇಲ್ಲಪ್ಪ. ನನಗೆಲ್ಲಿ ಸಿಗ್ತಾರೆ ಅವರು."

ಅವರದೇನೂ ತಪ್ಪಿಲ್ಲ. ಇದೇ ಮಾತು ನಮ್ಮ ಮನೆಯಲ್ಲೇ ಬಹಳ ದಿನ ಓಡಾಡಿದೆ. ಆಡಿದವಳು ನನ್ನ ಮಗಳು. ಹಾಗಾಗಿ ಈ ವಾರದ ಅಂಕಣದಲ್ಲಿ ಅದೇ ಬರೀತಿದೀನಿ.

ನಮ್ಮ ಮನೆ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ನನ್ನ ಮಗಳು ಸುಮಾ ಮೈಸೂರಿನಿಂದ ಇಲ್ಲಿಗೆ ಓದೋಕೆ ಬಂದವಳು, ಮಾರ್ಕಸ್‌ನ ಮದುವೆಯಾದಳು. ಮಾರ್ಕಸ್ ನಾರ್ತ್ ಕೆರೊಲಿನಾದವನು, ಬ್ಲ್ಯಾಕ್. (ನಮ್ಮವರು ಬಳಸೋ ಇನ್ನೊಂದು ಪದ ಇದೆ, ಗೊತ್ತು. ಅದು ನಮ್ಮ ಮನೇಲಿ ನಡೆಯಲ್ಲ. ಊರಲ್ಲಿ ನನಗೇ ಆ ಹೆಸರಿತ್ತು, ನನ್ನ ಬಣ್ಣ ನೀವು ನೋಡಿದೀರಲ್ಲ.) ಅವರಿಗೆ ತಾರಾ ಒಬ್ಬಳೇ ಮಗಳು. ನಾನು ಬಾಣಂತನಕ್ಕೆ ಬಂದವಳು, ಇಲ್ಲೇ ಉಳಿದೆ. ಓದಿದ್ದು ನಾಲ್ಕನೇ ಕ್ಲಾಸು.

ಮಾರ್ಕಸ್‌ನ ತಾಯಿ ಗ್ಲೋರಿಯಾ ನನ್ನ ಬೀಗಿತ್ತಿ. ಸ್ಕೂಲ್ ಟೀಚರ್ ಆಗಿದ್ದು ರಿಟೈರ್ ಆದವರು. ಅದೇ ಕೆರೊಲಿನಾದಲ್ಲಿ, ಏಪೆಕ್ಸ್ ಅನ್ನೋ ಊರಿಂದ ಸ್ವಲ್ಪ ದೂರದ ಒಂದು ಸಣ್ಣ ಊರಲ್ಲಿದ್ದಾರೆ. ಅವರ ಇಂಗ್ಲಿಷ್ ನನಗೆ ಅರ್ಧ ಅರ್ಥ ಆಗುತ್ತೆ. ನನ್ನ ಇಂಗ್ಲಿಷ್ ಅವರಿಗೆ ಪೂರ್ತಿ ಅರ್ಥ ಆಗುತ್ತೆ. ಟೀಚರ್ ಅಲ್ವಾ?

ಈ ಗ್ಲೋರಿಯಾ ಕಾಲೇಜಿನಲ್ಲಿದ್ದಾಗಲೇ ಸೊರೊರಿಟಿ ಸೇರಿದವರು. ಸೊರೊರಿಟಿ ಅಂದರೆ ಕಾಲೇಜು ಹೆಣ್ಣುಮಕ್ಕಳು ಅಕ್ಕತಂಗಿಯರಾಗಿ ಕಟ್ಟಿಕೊಳ್ಳೋ ಸಂಘ. ಗಂಡುಹುಡುಗರದ್ದು ಫ್ರಟರ್ನಿಟಿ. ಬಿಳಿಯರ ಸಂಘಗಳು ಬ್ಲ್ಯಾಕ್ ಮಕ್ಕಳನ್ನ ಬಾಗಿಲ ಹತ್ತಿರಕ್ಕೂ ಬಿಡದ ಕಾಲದಲ್ಲಿ ಇವರು ತಮ್ಮದೇ ಕಟ್ಟಿಕೊಂಡರು. ಕಾಲೇಜು ಮುಗಿದರೆ ಇದು ಮುಗಿಯಲ್ಲ. ಸಾಯೋವರೆಗೂ ಇರುತ್ತೆ. ಬಡ ಮಕ್ಕಳ ಫೀಸು, ವೋಟರ್ ರಿಜಿಸ್ಟ್ರೇಷನ್, ಬಾಣಂತಿಯರಿಗೆ ಊಟ, ಏನಾದರೂ ಒಂದು ಕೆಲಸ ನಡೀತಾನೇ ಇರುತ್ತೆ. ಗ್ಲೋರಿಯಾ ಸಂಘದ ಬಣ್ಣ ನೇರಳೆ ಮತ್ತು ಬೆಳ್ಳಿ. ಅವರ ಬೀರು ತೆಗೆದರೆ ಬದನೆಕಾಯಿ ಅಂಗಡಿಗೆ ಬಂದ ಹಾಗಿರುತ್ತೆ.

ಆ ಜಾಕೆಟ್ಟುಗಳನ್ನ ನಾನು ಮೊದಲು ಒಟ್ಟಿಗೆ ನೋಡಿದ್ದು ಕೋವಿಡ್ ವರ್ಷ. ಬೀಗರು, ಮಾರ್ಕಸ್‌ನ ತಂದೆ, ತೀರಿಕೊಂಡರು. ನಾವು ಕಾರು ಮಾಡಿಕೊಂಡು ಕೆರೊಲಿನಾಗೆ ಹೋದೆವು. ಜನ ಸೇರೋ ಹಾಗಿರಲಿಲ್ಲ. ಗ್ಲೋರಿಯಾ ಕಿಟಕಿ ಪಕ್ಕ ಸುಮ್ಮನೆ ಕೂತಿದ್ದರು. ಬೀದಿಯಲ್ಲಿ ಒಂದರ ಹಿಂದೆ ಒಂದು ಕಾರು ಬಂದು ನಿಂತವು. ಇಳಿದವರೆಲ್ಲ ಹೆಂಗಸರು, ವಯಸ್ಸಾದವರು, ನೇರಳೆ ಜಾಕೆಟ್ಟು, ಮುಖಕ್ಕೆ ಮಾಸ್ಕು. ಹುಲ್ಲಿನ ಮೇಲೆ ದೂರದೂರ ನಿಂತು ಮೆಲ್ಲಗೆ ಒಂದು ಹಾಡು ಹೇಳಿದರು. ಹೇಳಿ, ಬಾಗಿಲ ಮುಂದೆ ಊಟದ ಪಾತ್ರೆಗಳನ್ನ ಇಟ್ಟು ಹೋದರು. ಮರುದಿನ ಮತ್ತೆ ಊಟ. ಅದರ ಮರುದಿನವೂ.

ನೇರಳೆ ಸಂಘದ ಬಣ್ಣ ಅಂತ ಆಗ ಗೊತ್ತಿರಲಿಲ್ಲ, ಚರ್ಚಿನವರು ಅಂದುಕೊಂಡೆ ನಾನು. ಸುಮಾನೂ ಹಾಗೇ ಅಂದುಕೊಂಡಳು. ಸಾವಿನ ಮನೆಯಲ್ಲಿ ಯಾರು ಏನು ಅಂತ ಯಾರು ಕೇಳ್ತಾರೆ? ತಿಂದೆವು. ಪಾತ್ರೆ ಖಾಲಿ ಕಳಿಸೋದು ನಮ್ಮಲ್ಲಿ ಇಲ್ಲವಲ್ಲ, ಸೂತಕ ಕಳೆದ ಮೇಲೆ ನಾನೂ ಸುಮಾನೂ ಎಲ್ಲ ಪಾತ್ರೆ ತೊಳೆದು, ಚಿತ್ರಾನ್ನ ತುಂಬಿ, ಯಾರದ್ದು ಯಾವುದು ಅಂತ ಗೊತ್ತಿಲ್ಲದೆ ವರಾಂಡಾದಲ್ಲಿ ಜೋಡಿಸಿಟ್ಟೆವು. ಸಂಜೆ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಈಗ ತಾರಾ ವಿಷಯಕ್ಕೆ ಬರ್ತೀನಿ.

ವಾಷಿಂಗ್ಟನ್‌ನಲ್ಲಿ ಬ್ಲ್ಯಾಕ್ ಜನರೇ ಕಟ್ಟಿ ಬೆಳೆಸಿದ ಹಳೇ ಕಾಲೇಜೊಂದಕ್ಕೆ ಅವಳು ಸೇರಿದ ಹೊಸದು. ರಜೆಗೆ ಮನೆಗೆ ಬಂದಿದ್ದಳು. ಊಟಕ್ಕೆ ಕೂತಾಗ ಅಂದಳು, "ಅಮ್ಮಾ, ಐ ವಾಂಟ್ ಟು ಬಿ ಲೈಕ್ ಗ್ರ್ಯಾಂಡ್ಮಾ. ಸೊರೊರಿಟಿ ಸೇರ್ಬೇಕು."

ಸುಮಾ ತಲೆ ಎತ್ತಲಿಲ್ಲ. "ಬೇಡ."

"ವೈ?"

"ಹೊಸದಾಗಿ ಸೇರೋಕೆ ಬಂದ ಹುಡುಗನ್ನ ಎಲ್ಲೋ ಹೊಡೆದು ಆಸ್ಪತ್ರೆಗೆ ಸೇರಿಸಿದ್ದು ಓದಿದೀನಿ. ಓದೋಕೆ ಹೋಗಿದೀಯ, ಓದು. ಹಾಗೂ ಸೇರಿದ್ಯೋ, ನಿನ್ನ ಫಂಕ್ಷನ್ನಿಗೆ ನಾನು ಕಾಲಿಡಲ್ಲ. ನೆನಪಿಟ್ಕೋ."

ತಾರಾ ಅಪ್ಪನ ಮುಖ ನೋಡಿದಳು. ಮಾರ್ಕಸ್ ಸಾರು ಬಡಿಸಿಕೊಂಡ. "ನಾನು ಫ್ರಟರ್ನಿಟಿ ಸೇರಿದವನಲ್ಲಮ್ಮ, ನಂಗೇನೂ ಗೊತ್ತಿಲ್ಲ" ಅಂದ. (ಇಷ್ಟು ವರ್ಷ ಮೈಸೂರಿನವಳ ಜೊತೆ ಬಾಳಿದವನಿಗೆ ಯಾವಾಗ ಸುಮ್ಮನಿರಬೇಕು ಅಂತ ಚೆನ್ನಾಗಿ ಗೊತ್ತು.)

ಸುಮಾಗೆ ಇದ್ದದ್ದು ಹೊಡೆತದ ಭಯ ಒಂದೇ ಅಲ್ಲ. ಅವಳ ಮದುವೆ ಕಾಲಕ್ಕೆ ನಮ್ಮವರು ಬೆನ್ನ ಹಿಂದೆ ಆಡಿದ ಮಾತೆಲ್ಲ ಅವಳ ಕಿವಿಗೆ ಬಿದ್ದಿದೆ. ಅಂಗಡಿಗೆ ಹೋದರೆ ಸೆಕ್ಯುರಿಟಿಯವನು ಮಾರ್ಕಸ್ ಹಿಂದೆ ಹಿಂದೆ ನಡೆಯೋದನ್ನ ನೋಡಿದಾಳೆ. ಮಗಳನ್ನಾದರೂ ಜನ ಮೊದಲು ತಾರಾ ಅಂತ ನೋಡಲಿ, ಉಳಿದದ್ದು ಆಮೇಲೆ ನೋಡಲಿ ಅನ್ನೋ ಆಸೆ. ಅದಕ್ಕೇ ಆ ಜಾಕೆಟ್ಟು, ಆ ಕೂಗು, ಏನೂ ಬೇಡ ಅಂದಳು. ತಾಯಿಗೆ ಹೀಗನ್ನಿಸೋದು ತಪ್ಪಾ? ನನಗೆ ಹೇಳೋಕೆ ಬರಲ್ಲ.

ತಾರಾ ಮತ್ತೆ ಆ ಮಾತೆತ್ತಲಿಲ್ಲ. ಮರೆತಳು ಅಂತ ಸುಮಾ ನೆಮ್ಮದಿಯಾಗಿದ್ದಳು.

ಆಮೇಲೆ ಬಂತು ಹೋದ ವರ್ಷದ ಗೌರಿ ಹಬ್ಬ. ಮೈಸೂರಿಂದ ಸಿಲ್ಕು ತರಿಸಿ ತಾರಾಗೆ ಲಂಗ-ಬ್ಲೌಸು ಹೊಲಿದೆ. ನೇರಳೆ ಬಣ್ಣ, ಬೆಳ್ಳಿ ಜರಿ. ಬೇಕಂತಲೇ ಆರಿಸಿದ್ದು. ಸಂಘ ಬೇಡ ಅಂದರೆ ಬೇಡ, ಮಗು ಆಸೆಪಟ್ಟಿತ್ತಲ್ಲ, ಅವರಜ್ಜಿ ಬಣ್ಣವನ್ನಾದರೂ ಉಡಲಿ ಅಂತ.

ತಾರಾ ಪೊಟ್ಟಣ ಬಿಚ್ಚಿದಳು. ಮುಖ ಅರಳಿತು. ಅರಳಿದ್ದು ಹಾಗೇ ಬಾಡಿತು.

"ಅಜ್ಜಿ, ತುಂಬ ಚೆನ್ನಾಗಿದೆ. ಆದ್ರೆ ನಾನು ಹಾಕ್ಕೊಳ್ಳಕ್ಕೆ ಆಗಲ್ಲ."

"ಯಾಕೆ, ಬಿಗಿ ಆಗುತ್ತಾ?"

"ನೋ."

"ಬಣ್ಣ ಹಿಡಿಸಲಿಲ್ವಾ?"

"ಹಿಡಿಸ್ತು ಅಜ್ಜಿ. ಐ ಜಸ್ಟ್ ಕಾಂಟ್."

"ಕಾರಣ ಹೇಳು ಮತ್ತೆ."

ಕಾರಣ ಇಲ್ಲ. ನನ್ನನ್ನ ಗಟ್ಟಿಯಾಗಿ ಅಪ್ಪಿಕೊಂಡಳು, ಜೀನ್ಸ್ ಪ್ಯಾಂಟಿನಲ್ಲೇ ಗೌರಿಗೆ ಕೈ ಮುಗಿದಳು. ಅವಳು ಹೊರಟ ಮೇಲೆ ಸುಮಾ ಲಂಗ ಮಡಿಸುತ್ತಾ ಅಂದಳು, "ನೋಡಿದ್ಯಾಮ್ಮ? ನಮ್ಮ ಬಟ್ಟೆ ಹಾಕೋಕೆ ಈಗ ಅವಳಿಗೆ ನಾಚಿಕೆ. ಯಾರೋ ತಲೆ ಕೆಡಿಸಿದಾರೆ."

ಬೀಗಿತ್ತಿಗೆ ಫೋನ್ ಮಾಡಿ ದೂರು ಹೇಳಿದೆ. ಲಂಗದ ಬಣ್ಣ ಯಾವುದು ಅಂತ ಗ್ಲೋರಿಯಾ ಎರಡು ಸಲ ಕೇಳಿದರು. ನೇರಳೆ, ಬೆಳ್ಳಿ ಜರಿ ಅಂದೆ.

"ಪುಟ್ಟಮ್ಮಾ, ಆ ಬಟ್ಟೆ ಎತ್ತಿಡಿ. ಯಾರಿಗೂ ಕೊಡಬೇಡಿ. ಅವಳಿಗೆ ಕಿತ್ತಳೆ ಬಣ್ಣದಲ್ಲಿ ಇನ್ನೊಂದು ಹೊಲಿಯಿರಿ."

"ಕಿತ್ತಳೆ ಯಾಕೆ?"

"ಸುಮ್ಮನೆ. ಚೆನ್ನಾಗಿ ಕಾಣುತ್ತೆ."

ಟೀಚರ್ ಹೇಳಿದ ಮೇಲೆ ಮುಗೀತು, ಹೊಲಿದೆ. ದೀಪಾವಳಿಗೆ ಅದನ್ನ ಹಾಕಿಕೊಂಡು ಮನೆ ತುಂಬ ಗಿರಗಿರ ಸುತ್ತಿದಳು. ನನಗೆ ತಲೆಬುಡ ಅರ್ಥ ಆಗಲಿಲ್ಲ.

ಈ ವರ್ಷ ಚಳಿ ಕಳೆಯೋ ಹೊತ್ತಿಗೆ ಹುಡುಗಿ ಮಾಯ. ವಾರದ ಕೊನೆಗೆ ಬರ್ತಿದ್ದವಳು ಬರೋದು ನಿಲ್ಲಿಸಿದಳು. ಫೋನ್ ಮಾಡಿದರೆ "ಅಜ್ಜಿ, ಸ್ಟಡೀಸ್", "ಅಜ್ಜಿ, ಗ್ರೂಪ್ ಪ್ರಾಜೆಕ್ಟ್". ದನಿಯಲ್ಲಿ ನಿದ್ದೆ. ಒಂದು ಭಾನುವಾರ ಬಂದವಳು ತಟ್ಟೆ ಮುಂದೆ ಕೂತು ತೂಕಡಿಸುತ್ತಾ ತುಟಿಯಲ್ಲೇ ಏನೋ ಪಠಿಸ್ತಿದ್ದಳು, ಬಾಯಿಪಾಠ ಒಪ್ಪಿಸೋ ಮಕ್ಕಳ ಹಾಗೆ. ಸುಮಾ ನೋಡಿದಳು. ಇದು ಸಂಘದ ವಿಷಯ ಅಂತ ಅವಳಿಗೆ ಹೊಳೆದುಹೋಯ್ತು. ಕೇಳಲಿಲ್ಲ. ಕೇಳಿದರೆ ಮಗಳು ಸುಳ್ಳು ಹೇಳಬೇಕಾಗುತ್ತೆ ಅನ್ನೋದು ಅವಳಿಗೆ ಗೊತ್ತಿತ್ತೋ ಏನೋ. ರಾತ್ರಿ ಹೊರಳಾಡೋದು ಮಾತ್ರ ಪಕ್ಕದ ರೂಮಿಗೆ ಕೇಳಿಸ್ತಿತ್ತು.

ಆಮೇಲೆ ಗ್ಲೋರಿಯಾ ಫೋನು. "ಶುಕ್ರವಾರ ನಾನು ಬರ್ತೀನಿ. ಶನಿವಾರ ಯಾರೂ ಏನೂ ಇಟ್ಟುಕೋಬೇಡಿ. ನಡೆಯೋಕೆ ಆಗೋ ಚಪ್ಪಲಿ ಹಾಕ್ಕೊಳ್ಳಿ." ಎಲ್ಲಿಗೆ ಅಂತ ಹೇಳಲಿಲ್ಲ. ಹೇಳೋದು ಬೇಕಿರಲಿಲ್ಲ.

"ನೀವೆಲ್ಲ ಹೋಗಿ. ನಾನು ಬರಲ್ಲ" ಅಂದಳು ಸುಮಾ.

ಶುಕ್ರವಾರ ಸಂಜೆ ನಾವು ಮೂವರು ಹೆಂಗಸರು ಅಡುಗೆಮನೆಯಲ್ಲಿ. ಗ್ಲೋರಿಯಾ ಬೆಂಡೆಕಾಯಿ ಹೆಚ್ಚುತ್ತಿದ್ದರು. ನಾನು ಅಕ್ಕಿ ಆರಿಸುತ್ತಿದ್ದೆ. (ಇಲ್ಲಿನ ಅಕ್ಕಿಯಲ್ಲಿ ಕಲ್ಲಿರಲ್ಲ, ಆದರೂ ಕೈ ಕೇಳಲ್ಲ.) ಸುಮಾ ಕೈ ಒರೆಸಿಕೊಂಡು ಬಂದು ಅತ್ತೆ ಎದುರಿಗೆ ನಿಂತಳು.

"ಮಾಮ್, ನೇರವಾಗಿ ಕೇಳ್ತೀನಿ. ನಿಮ್ಮನ್ನ ಹೊಡೆದಿದ್ರಾ?"

ಗ್ಲೋರಿಯಾ ಚಾಕು ಕೆಳಗಿಟ್ಟರು.

"ನನ್ನ ಕಾಲದಲ್ಲಿ ಮೂರ್ಖತನ ಇತ್ತು. ನಿದ್ದೆಗೆ ಬಿಡ್ತಿರಲಿಲ್ಲ. ಬಾಯಿಗೆ ಬಂದಂತೆ ಅನ್ನೋರು. ನನ್ನ ಪಕ್ಕದವಳನ್ನ ಒಬ್ಬಳು ನೂಕಿ ಬೀಳಿಸಿದಳು. ನಾನು ಹಿರಿಯಳಾದ ಮೇಲೆ, ಇದು ನಿಲ್ಲಬೇಕು ಅಂತ ಜಗಳ ಆಡಿದವರಲ್ಲಿ ನಾನೂ ಒಬ್ಬಳು. ಈಗ ಕಟ್ಟುನಿಟ್ಟು ಇದೆ. ಮಾಡಿದವರನ್ನ ಹೊರಗೆ ಹಾಕ್ತಾರೆ. ಹಾಗಂತ ಎಲ್ಲೂ ಯಾರೂ ಮಾಡಲ್ಲ ಅಂತ ನಿನಗೆ ಸುಳ್ಳು ಹೇಳಲ್ಲ."

"ತಾರಾಗೆ?"

"ತಾರಾ ವಿಷಯ ನಾನು ಬಾಯಿ ಬಿಡೋ ಹಾಗಿಲ್ಲ. ನಾಳೆ ಬಂದು ಅವಳ ಮುಖ ನೋಡು. ನೀನು ಹೆತ್ತವಳು, ನಿನಗೆ ಕಾಣುತ್ತೆ. ಅದರಲ್ಲಿ ಭಯ ಕಂಡರೆ ಹೇಳು. ನಾನೇ ನಿನ್ನ ಜೊತೆ ಹೋಗಿ ಅವಳ ಕೈ ಹಿಡಿದು ಕರ್ಕೊಂಡು ಬರ್ತೀನಿ. ನನ್ನ ಜಾಕೆಟ್ಟು ಅಲ್ಲೇ ಬಿಚ್ಚಿಟ್ಟು ಬರ್ತೀನಿ."

ಗ್ಲೋರಿಯಾ ಮತ್ತೆ ಬೆಂಡೆಕಾಯಿ ಹಿಡಿದರು.

"ಸಿನಿಮಾದಲ್ಲಿ ನಾವು ಕುಣಿಯೋರು. ಇಲ್ಲ ಅಂದರೆ ಜಂಬದ ಕೋಳಿಗಳು. ನನಗೆ ಅಭ್ಯಾಸ ಆಗಿದೆ. ಆದರೆ ಮುಸುಕು ತೆಗೆದಾಗ ಹುಡುಗಿಯರು ಮೊದಲು ಹುಡುಕೋದು ಅಮ್ಮನ್ನ. ನಾನೂ ಹುಡುಕಿದೆ. ನನ್ನ ಅಮ್ಮ ಬೇರೆಯವರ ಮನೇಲಿ ಕೆಲಸಕ್ಕಿದ್ದರು, ಆವತ್ತು ರಜಾ ಕೊಡಲಿಲ್ಲ."

ಅಷ್ಟೇ ಅಂದಿದ್ದು. ದನಿ ಏರಿಸಲಿಲ್ಲ, ಇಳಿಸಲಿಲ್ಲ. ನಾನು ಅಕ್ಕಿ ಆರಿಸುತ್ತಲೇ ಇದ್ದೆ.

ಶನಿವಾರ ಬೆಳಗ್ಗೆ ಸುಮಾ ಕಾರಿನ ಕೀ ತಗೊಂಡಳು. "ಮೆಟ್ರೊ ಸ್ಟೇಷನ್ ತನಕ ಬಿಡ್ತೀನಿ. ಅಷ್ಟೇ." ಸ್ಟೇಷನ್ನಿನಲ್ಲಿ ನಾವು ಇಳಿದೆವು. ಅವಳು ಸ್ಟಿಯರಿಂಗ್ ಹಿಡಿದು ಹಾಗೇ ಕೂತಿದ್ದಳು. ಆಮೇಲೆ ಗಾಡಿ ಆಫ್ ಮಾಡಿ ಇಳಿದಳು.

"ನಿನ್ನ ಮಂಡಿ ಅಮ್ಮಾ. ಮೆಟ್ಟಿಲಲ್ಲಿ ಯಾರು ಹಿಡ್ಕೋತಾರೆ?"

ಆರಡಿ ಎತ್ತರದ ಮಾರ್ಕಸ್ ನನ್ನ ಪಕ್ಕದಲ್ಲೇ ಇದ್ದ. ನಾನು ಬಾಯಿ ಮುಚ್ಚಿಕೊಂಡು ಮಗಳ ತೋಳು ಹಿಡಿದೆ.

ಕಾಲೇಜಿನ ಅಂಗಳದಲ್ಲಿ ಏನು ಜನ ಅಂತೀರಿ! ಹೂವಿನ ಬೊಕ್ಕೆ ಹಿಡಿದ ಅಪ್ಪಂದಿರು, ತೋಳಲ್ಲಿ ಕೂಸು ಹೊತ್ತ ಅಕ್ಕಂದಿರು. ಮುಂದಿನ ಸಾಲಿನಲ್ಲಿ ನೇರಳೆ ಜಾಕೆಟ್ಟಿನ ಹೆಂಗಸರು, ಒಬ್ಬರು ಊರುಗೋಲು ಹಿಡಿದವರು, ಒಬ್ಬರು ಗಾಲಿಕುರ್ಚಿಯಲ್ಲಿ. ಗ್ಲೋರಿಯಾನ ಕಂಡ ಕೂಡಲೆ ಅವರೆಲ್ಲ ಒಂದು ಕೂಗು ಹಾಕಿದರು. ನಮ್ಮ ಬೀಗಿತ್ತಿ, ಮನೆಯಲ್ಲಿ ಉಪ್ಪು ಕೊಡಿ ಅನ್ನೋದನ್ನೂ ಮೆಲ್ಲಗೆ ಕೇಳೋರು, ಕತ್ತೆತ್ತಿ ವಾಪಸ್ ಕೂಗಿದರು ನೋಡಿ. ಮರದ ಮೇಲಿನ ಹಕ್ಕಿ ಹಾರಿಹೋಯ್ತು. ಆ ವಯಸ್ಸಿನಲ್ಲಿ ನಿಮ್ಮ ಗೆಳತಿಯರು ದೂರದಿಂದಲೇ ಗುರುತು ಹಿಡಿದು ಹಾಗೆ ಕೂಗಿ ಕರೆದರೆ ನಿಮಗೆ ಹೇಗನ್ನಿಸುತ್ತೆ? ನನಗಂತೂ ಸ್ವಲ್ಪ ಹೊಟ್ಟೆಕಿಚ್ಚಾಯ್ತು.

ಊರುಗೋಲಿನವರು ಸುಮಾನ ಮುಖ ನೋಡುತ್ತಾ ನೋಡುತ್ತಾ ಹತ್ತಿರ ಬಂದರು.

"ನೀನು ಹಳದಿ ಅನ್ನದ ಹುಡುಗಿ ಅಲ್ವಾ?"

ಸುಮಾಗೆ ಅರ್ಥ ಆಗಲಿಲ್ಲ.

"ಗ್ಲೋರಿಯಾ ಗಂಡ ಹೋದಾಗ. ನನ್ನ ಗಾಜಿನ ಪಾತ್ರೆಯಲ್ಲಿ ನೀನು ಹಳದಿ ಅನ್ನ ತುಂಬಿ ಇಟ್ಟಿದ್ದೆ, ಕಡ್ಲೆಬೀಜ ಹಾಕಿ. ಇಷ್ಟು ವರ್ಷ ಮನೆ ಮನೆಗೆ ಊಟ ಹೊತ್ತಿದೀನಿ ಮಗಳೇ, ನನ್ನ ಪಾತ್ರೆ ತುಂಬಿಸಿ ವಾಪಸ್ ಕೊಟ್ಟಿದ್ದು ನೀನೊಬ್ಬಳೇ. ಇದು ಯಾರ ಕೆಲಸ ಅಂತ ಕೇಳಿದೆ. ಗ್ಲೋರಿಯಾ ಕಿಟಕಿಯಿಂದ ನಿನ್ನ ತೋರಿಸಿದಳು."

"ಅವು... ನೀವಾ?" ಅಂದಳು ಸುಮಾ. "ನಾವು ಚರ್ಚಿನವರು ಅಂದ್ಕೊಂಡಿದ್ವಿ."

"ಚರ್ಚಿಗೂ ಹೋಗ್ತೀವಪ್ಪ" ಅಂತ ಅವರು ನಕ್ಕರು.

ಸುಮಾ ನಗಲಿಲ್ಲ. ಅವರ ಜಾಕೆಟ್ಟಿನ ತೋಳನ್ನ ಬೆರಳಲ್ಲಿ ಹಿಡಿದುಕೊಂಡಳು, ಮಕ್ಕಳು ಸೆರಗು ಹಿಡಿಯೋ ಹಾಗೆ. ಅಷ್ಟರಲ್ಲಿ ಜನ ಎರಡು ಪಾಲಾದರು.

ಹುಡುಗಿಯರು ಬಂದರು. ಒಬ್ಬರ ಹಿಂದೆ ಒಬ್ಬರು, ತೋಳಿಗೆ ತೋಳು ಸಿಕ್ಕಿಸಿಕೊಂಡು, ಎಲ್ಲರಿಗೂ ಒಂದೇ ಉಡುಪು, ಒಂದೇ ಹೆಜ್ಜೆ, ಮುಖಕ್ಕೆ ಮುಸುಕು. ಎತ್ತರದ ಪ್ರಕಾರ ನಿಲ್ಲಿಸ್ತಾರಂತೆ, ಗಿಡ್ಡಗಿರೋರು ಮುಂದೆ. ಎಲ್ಲರಿಗಿಂತ ಮುಂದೆ ನಿಂತವಳು ಎಡಗಾಲು ಸ್ವಲ್ಪ ಒಳಗೆ ಮಾಡಿ ನಿಂತಿದ್ದಳು. ಅದು ನನ್ನ ಕಾಲು, ನನ್ನ ಎತ್ತರ. ಅಪ್ಪನ ಎತ್ತರ ಬರಲಿಲ್ಲವಲ್ಲ ಅಂತ ಸುಮಾ ಎಷ್ಟು ಹಾಲು ಕುಡಿಸಿದ್ದಳು ಅವಳಿಗೆ. ನಮ್ಮ ವಂಶದ ಗಿಡ್ಡತನಕ್ಕೆ ಮೊದಲನೇ ಜಾಗ ಸಿಕ್ಕಿತು.

ಮೊದಲು ಕುಣಿಯಲಿಲ್ಲ ಅವರು. ಬಿಸಿಲಲ್ಲಿ ಅಲ್ಲಾಡದೆ ನಿಂತು ಹೆಸರು ಹೇಳಿದರು. ಸಂಘ ಕಟ್ಟಿದ ಹೆಣ್ಣುಮಕ್ಕಳ ಹೆಸರು, ಒಂದೊಂದಾಗಿ. ಯಾರು ಎಲ್ಲಿಂದ ಬಂದವರು, ಯಾರು ಶಾಲೆ ತೆರೆದರು, ಯಾರು ವೋಟಿಗಾಗಿ ಬೀದಿಗಿಳಿದರು. ಒಂದು ದನಿಯಲ್ಲಿ, ಒಂದು ತಪ್ಪಿಲ್ಲದೆ. ತಟ್ಟೆ ಮುಂದೆ ತೂಕಡಿಸುತ್ತಾ ತುಟಿಯಲ್ಲಿ ಪಠಿಸ್ತಿದ್ದದ್ದು ಇದನ್ನೇ. ಗಾಲಿಕುರ್ಚಿಯ ಹೆಂಗಸು ಪ್ರತಿ ಹೆಸರಿಗೂ ತಲೆದೂಗುತ್ತಿದ್ದರು. ವಿಡಿಯೊದಲ್ಲಿ ಇದು ಬರಲ್ಲ. ಬಿಸಿಲಲ್ಲಿ ನಿಂತು ಸತ್ತವರ ಹೆಸರು ನೆನೆಯೋದನ್ನ ಯಾರು ಫಾರ್ವರ್ಡ್ ಮಾಡ್ತಾರೆ?

ಆಮೇಲೆ ಹೆಜ್ಜೆ. ಕಾಲು ಬಡಿದು, ಚಪ್ಪಾಳೆ ತಟ್ಟಿ, ತೊಡೆ ತಟ್ಟಿ, ನೆಲವೇ ಮೃದಂಗ ಆಯ್ತು. ನನಗೆ ನಮ್ಮಪ್ಪ ಕಣ್ಮುಂದೆ ಬಂದ. ನಮ್ಮಪ್ಪ ಮಾದಪ್ಪನ ಗುಡ್ಡ, ಅಂದರೆ ದೇವರ ಸೇವೆಗೆ ನಿಂತ ಒಕ್ಕಲು. ಗುರುವಿನಿಂದ ದೀಕ್ಷೆ ತಗೊಂಡು ಕಂಸಾಳೆ ಹಿಡಿದವನು. ದೀಕ್ಷೆ ಇಲ್ಲದೆ ನಮ್ಮಪ್ಪನ ಕಂಸಾಳೆ ಮುಟ್ಟೋ ಹಾಗಿರಲಿಲ್ಲ, ನಾವು ಮಕ್ಕಳೂ. ಮೆರವಣಿಗೆಯಲ್ಲಿ ಜನ ಏನು ನೋಡೋರು? ತಾಳ ಬೀಸೋದು, ಹಾರೋದು, ನೆಗೆಯೋದು. "ಕುಣಿಯೋರು ಬಂದ್ರು" ಅನ್ನೋರು. ಅವನು ಬೆಳಗಾಗೆದ್ದು ಸ್ನಾನ ಮಾಡಿ ನಾಲ್ಕು ಮನೆ ಭಿಕ್ಷೆ ಬೇಡಿ ಬಂದ ಮೇಲೇ ಬಾಯಿಗೆ ನೀರು ಹಾಕುತ್ತಿದ್ದದ್ದು ಯಾರಿಗೆ ಗೊತ್ತು? ಕುಣಿತ ಎಲ್ಲರಿಗೂ ಕಾಣುತ್ತೆ. ನೇಮ ಮನೆಯವರಿಗೆ ಮಾತ್ರ.

ಹೆಜ್ಜೆ ನಿಂತಿತು. ಎಲ್ಲರಿಗಿಂತ ಮುಂದೆ ನಿಂತಿದ್ದವಳು ಒಂದು ಹೆಜ್ಜೆ ಮುಂದೆ ಬಂದು ಮುಸುಕು ಎತ್ತಿದಳು.

"ತಾರಾ" ಅಂತ ಶುರುಮಾಡಿ ಪೂರ್ತಿ ಹೆಸರು ಹೇಳಿದಳು, ಅಷ್ಟು ಗಟ್ಟಿ ದನಿ ಅವಳಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ. "ಹರ್ನ್‌ಡನ್, ವರ್ಜೀನಿಯಾ. ಬಂದದ್ದು ಕೆರೊಲಿನಾ ಮತ್ತು ಮೈಸೂರಿಂದ." ಹೇಳ್ತಾ ಹೇಳ್ತಾ ಕಣ್ಣು ಜನರ ಮೇಲೆ ಓಡ್ತಿತ್ತು. ಅಪ್ಪನ್ನ ದಾಟಿತು. ಗ್ಲೋರಿಯಾನ ದಾಟಿತು. ನನ್ನನ್ನೂ ದಾಟಿತು. ಹುಡುಕ್ತಿದ್ದದ್ದು ಯಾರನ್ನ ಅಂತ ನಮಗೆಲ್ಲ ಗೊತ್ತು. ಸುಮಾ ಮುಂದೆ ಎತ್ತರದ ಬೊಕ್ಕೆಯೊಂದು ಅಡ್ಡ ನಿಂತಿತ್ತು.

ಆಗ ನನ್ನ ಮಗಳು, ಆಫೀಸಿನಲ್ಲಿ ಎಲ್ಲರೂ ಮೇಡಂ ಅನ್ನೋ ಹೆಂಗಸು, ಎರಡು ಬೆರಳು ಬಾಯಲ್ಲಿಟ್ಟು ವಿಶಲ್ ಹೊಡೆದಳು. ಮೈಸೂರಿನ ಸಿನಿಮಾ ಟೆಂಟಿನಲ್ಲಿ ಕಲಿತ ವಿಶಲ್ಲು. ಚಿಕ್ಕಂದಿನಲ್ಲಿ ಅದಕ್ಕೇ ನನ್ನ ಕೈಲಿ ಏಟು ತಿಂದಿದ್ದಳು.

ತಾರಾ ಕತ್ತು ತಿರುಗಿತು. ಅಮ್ಮ ಕಂಡಳು.

ಆ ಮುಖದಲ್ಲಿ ಭಯ ಇತ್ತಾ ಅಂತ ಗ್ಲೋರಿಯಾ ಕೇಳಲಿಲ್ಲ. ಸುಮಾ ಅತ್ತೆಯ ಭುಜಕ್ಕೆ ಹಣೆ ಇಟ್ಟು ನಿಂತಿದ್ದಳು, ಅದೇ ಉತ್ತರ.

ಎಲ್ಲ ಮುಗಿದ ಮೇಲೆ ತಾರಾ ಓಡಿಬಂದು ಅಮ್ಮನ್ನ ಅಪ್ಪಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ನನ್ನ ಹತ್ತಿರ ಬಂದಳು.

"ಅಜ್ಜಿ, ನನ್ನ ಪರ್ಪಲ್ ಲಂಗ ಇದೆಯಾ? ಯಾರ್ಗೂ ಕೊಟ್ಟಿಲ್ಲ ತಾನೆ? ಈಗ ಹಾಕ್ಕೋಬಹುದು."

ಸೇರಬೇಕು ಅಂತ ಆಸೆ ಇರೋರು ಸೇರೋ ತನಕ ಸಂಘದ ಬಣ್ಣ ತೊಡಬಾರದಂತೆ. ಆಸೆ ಇದೆ ಅಂತ ಹೇಳಿಕೊಂಡು ತಿರುಗಲೂಬಾರದಂತೆ. ನಾನು ಪ್ರೀತಿಯಿಂದ ಹುಡುಕಿ ಹುಡುಕಿ ಹೊಲಿದದ್ದು ಅವಳು ಮುಟ್ಟಬಾರದ ಒಂದೇ ಒಂದು ಬಣ್ಣದಲ್ಲಿ. ಕಾರಣ ಹೇಳಿದರೆ ಗುಟ್ಟು ಹೋಗುತ್ತೆ, ಹೇಳದಿದ್ದರೆ ಅಜ್ಜಿ ಮನಸ್ಸು ನೋಯುತ್ತೆ. ಮಗು ಎಷ್ಟು ಒದ್ದಾಡಿತ್ತೋ. ಸುಮಾ ಇದನ್ನ ಕೇಳಿ ನನ್ನ ಮುಖ ನೋಡಿದಳು. ನಮ್ಮ ಬಟ್ಟೆಗೆ ನಾಚಿಕೆಯಂತೆ, ತಲೆ ಕೆಡಿಸಿದಾರಂತೆ.

ಸಂಜೆ ಮನೆಗೆ ಬಂದು ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಗ್ಲೋರಿಯಾ ಹುರಿದ ಬೆಂಡೆಕಾಯಿ, ಅವರ ಕಡೆಯ ಸೊಪ್ಪಿನ ಪಲ್ಯ, ಚೀಸ್ ಹಾಕಿದ ಮ್ಯಾಕರೋನಿ. ನನ್ನ ಬಿಸಿಬೇಳೆಬಾತು, ಬೂಂದಿ. ಮಾರ್ಕಸ್ ಎಲ್ಲವನ್ನೂ ಒಂದೇ ತಟ್ಟೆಗೆ ಹಾಕಿಕೊಂಡು ಕಲಸಿದ. (ಎರಡೂ ಕಡೆಯ ಅಡುಗೆಗೆ ಅವಮಾನ, ಆದರೆ ಆವತ್ತು ಯಾರೂ ಬೈಯಲಿಲ್ಲ.) ತಾರಾ ಬಾಯಿ ತುಂಬ ಅನ್ನ ಇಟ್ಟುಕೊಂಡು, ಇಷ್ಟು ದಿನ ಹೇಳಲಾಗದ್ದನ್ನೆಲ್ಲ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳ್ತಿದ್ದಳು. ಹೇಳಬಾರದ ಜಾಗ ಬಂದಾಗ ಗ್ಲೋರಿಯಾ ಮುಖ ನೋಡಿ ನಿಲ್ಲಿಸ್ತಿದ್ದಳು. ಸುಮಾ ತುತ್ತು ಎತ್ತೋದು ಮರೆತು ಕೇಳ್ತಿದ್ದಳು.

ಬಹಳ ಹೊತ್ತಿನ ಮೇಲೆ ಸುಮಾ ಬಿಸಿಬೇಳೆಬಾತು ಬಡಿಸೋ ನೆಪದಲ್ಲಿ ಅತ್ತೆ ಕಡೆ ಬಗ್ಗಿದಳು.

"ಮಾಮ್, ಕಾಲೇಜು ಮುಗಿಸಿದ ಹೆಂಗಸರನ್ನೂ ಸೇರಿಸ್ಕೋತಾರಂತೆ, ಹೌದಾ? ನನ್ನ ವಯಸ್ಸಿನವರನ್ನ?"

ತಾರಾ ಅಗಿಯೋದು ನಿಲ್ಲಿಸಿದಳು. ಮಾರ್ಕಸ್ ಸಾವಕಾಶವಾಗಿ ತಟ್ಟೆ ಮೇಲೆ ಬಗ್ಗಿದ. ಗ್ಲೋರಿಯಾ ತಲೆ ಎತ್ತದೆ ಇನ್ನೊಂದು ಬೆಂಡೆಕಾಯಿ ಬಾಯಿಗೆ ಹಾಕಿಕೊಂಡರು.

"ಅದನ್ನ ಹೀಗೆ ಎಲ್ಲರ ಮುಂದೆ ಕೇಳಬಾರದು ಮಗಳೇ."

ಸುಮಾ ಮತ್ತೆ ತುಟಿ ಬಿಚ್ಚಲಿಲ್ಲ, ಬಾತು ಬಡಿಸಿ ಬಂದು ತನ್ನ ಜಾಗದಲ್ಲಿ ಕೂತು ಉಣ್ಣತೊಡಗಿದಳು. ಆಸೆ ಇರೋರು ಹೇಳಿಕೊಂಡು ತಿರುಗಬಾರದಲ್ಲ, ಇನ್ನು ನಾನ್ಯಾಕೆ ಕೇಳಲಿ?